ಚಿಗರಿಯ ಎಡಗಣ್ಣು

ಜಮಖಂಡಿಯ ನನ್ನ ಮನೆಯಲ್ಲಿ ಬೆಳಗಿನ ಮೊದಲ ಬಿಸಿನೀರು ಚಹಾಕ್ಕಲ್ಲ, ನಾಯಿಯ ಕಣ್ಣಿಗೆ. ಒಂದು ಲೋಟ ನೀರು ಕುದಿಸಿ, ಮುಚ್ಚಿಟ್ಟು, ಅದು ಉಗುರು ಬೆಚ್ಚಗಾಗುವ ತನಕ ನಾನು ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಆಮೇಲೆ ಹಳೆಯ ನೂಲಿನ ಸೀರೆಯ ಎರಡು ತುಂಡು, ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಒಂದರ ತುಂಡು ಇನ್ನೊಂದಕ್ಕೆ ತಾಗಬಾರದು. ಮೂಗಿನ ಕಡೆಯ ಮೂಲೆಯಿಂದ ಹೊರಗಡೆಗೆ, ಹಗುರಾಗಿ, ಒಂದೇ ಸಲ ಒರೆಸಬೇಕು, ಉಜ್ಜುವಂತಿಲ್ಲ. ಪಿಸರು, ಅಂದರೆ ಕಣ್ಣಿನ ಗೀಜು, ಒಣಗಿ ಅಂಟಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು, ತಾನೇ ನೆನೆದು ಬಿಡುವ ತನಕ ಕಾಯಬೇಕು. ಕಡೆಗೆ ಕೆಳರೆಪ್ಪೆಯನ್ನು ಚೂರು ಎಳೆದು ಒಳಗಿನ ಬಣ್ಣ ನೋಡುತ್ತೇನೆ. ತಿಳಿಗುಲಾಬಿ ಇದ್ದರೆ ನನ್ನ ದಿನ ಸರಿ ಹೋಗುತ್ತದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಡಿಸುತ್ತಾಳೆ.

"ನನಗ ಒಂದ ದಿನಾನರ ಹಿಂಗ ಮಾರಿ ಒರಸಿದ್ದೇನವ್ವಾ?"

"ಅದಕ್ಕ ಕೈ ಇಲ್ಲಬೇ. ನಿನಗ ಅದಾವ" ಎನ್ನುತ್ತೇನೆ.

ಅವಳಿಗೆ ನಾನು ಪೂರ್ತಿ ಹೇಳಿರಲಿಲ್ಲ. ಈ ಕೆಲಸವನ್ನು ನಾನು ಕಲಿತದ್ದು ಮುತ್ಯಾನಿಂದ, ಅಂದರೆ ಅಪ್ಪನ ಅಪ್ಪನಿಂದ. ಆದರೆ ಅದು ನನ್ನ ಮೈಗೆ ಹತ್ತಿದ್ದು ಅವನು ಕಲಿಸಿದ್ದರಿಂದಲ್ಲ. ನಾನು ಎಂಟು ದಿನ ಅದನ್ನು ತಪ್ಪಿಸಿದ್ದರಿಂದ. ಆಗ ನನಗೆ ಹತ್ತು ವರ್ಷ. ಇಷ್ಟು ಕಾಲ ಆದ ಮೇಲೂ ಆ ಎಂಟು ದಿನ ನೆನಪಾದರೆ ಒರೆಸಿದ ಕಣ್ಣನ್ನು ಇನ್ನೊಮ್ಮೆ ನೋಡುತ್ತೇನೆ. ಒಂಬತ್ತನೆಯ ದಿನ ನೆನಪಾದರೆ ಬಟ್ಟೆ ಕೆಳಗಿಡುತ್ತೇನೆ.

ನಮ್ಮದು ಗಲಗಲಿ ಕಡೆಯ ಊರು. ಮನೆ ಮಣ್ಣಿನ ಮಾಳಿಗೆಯದು. ದೊಡ್ಡ ಬಾಗಿಲು ದಾಟಿದರೆ ಮೊದಲು ಎತ್ತುಗಳ ಜಾಗ, ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಅದರ ಒಳಗೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಹೊರಗಿನವರು ಬಂದರೆ ಎತ್ತುಗಳಿಗೆ ನಮಸ್ಕಾರ ಮಾಡಿಯೇ ಒಳಗೆ ಬಂದಂತೆ ಕಾಣುತ್ತಿತ್ತು. ಕುರಿಗಳು ಹಿತ್ತಲಿನ ಹಟ್ಟಿಯಲ್ಲಿ. ಮನೆಗೆಲ್ಲ ಮೂರು ವಾಸನೆ: ಕುರಿಯ ಉಣ್ಣೆಯದು, ಒಲೆಯ ಮೇಲಿನ ರೊಟ್ಟಿಯದು, ಭಂಡಾರದ್ದು. ಭಂಡಾರವೆಂದರೆ ಅರಿಶಿನದ ಪುಡಿಯೇ, ಆದರೆ ನಮ್ಮ ಮನೆದೇವರು ಬೀರಪ್ಪನ ಮುಂದೆ ಇಟ್ಟ ಮೇಲೆ ಅದನ್ನು ಯಾರೂ ಅರಿಶಿನ ಎನ್ನುತ್ತಿರಲಿಲ್ಲ. ನನ್ನ ಆಯಿ, ಮುತ್ಯಾನ ಹೆಂಡತಿ, ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಹಿತ್ತಾಳೆ ಬಟ್ಟಲು ಹಿಡಿದು ಹೊರಡುತ್ತಿದ್ದಳು. ಮೊದಲು ಮುತ್ಯಾನ ಹಣೆಗೆ, ಆಮೇಲೆ ಅಪ್ಪನಿಗೆ, ಅವ್ವನಿಗೆ, ನನಗೆ, ಎತ್ತುಗಳಿಗೆ, ಹಟ್ಟಿಯ ಹಿರಿಯ ಟಗರಿಗೆ. ಕಡೆಯದು ಚಿಗರಿಯ ಪಾಳಿ. ಮಂಡಿನೋವು ಶುರುವಾದ ಮೇಲೆ ಅಷ್ಟು ಕೆಳಗೆ ಬಗ್ಗಲಾರದೆ ಚಿಗರಿಯ ಹಣೆಯನ್ನು ಆಯಿ ನನಗೆ ಬಿಟ್ಟುಕೊಟ್ಟಿದ್ದಳು.

ಚಿಗರಿ ನಮ್ಮ ಬೇಟೆನಾಯಿ. ಮುಧೋಳ ತಳಿ ಎಂದು ಈಗ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ಫೋನಿನಲ್ಲಿ ಫೋಟೊ ತೋರಿಸುತ್ತಾರೆ. ನಮಗೆ ಅದು ಬರೀ ಬೇಟೆನಾಯಿ. ಕಡ್ಡಿಯಂಥ ಕಾಲು, ಉದ್ದ ಮೋರೆ, ಎಣಿಸಬಹುದಾದ ಪಕ್ಕೆಲುಬು. ಹೊಸಬರು ನೋಡಿದರೆ ಈ ಮನೆಯವರು ನಾಯಿಗೆ ಕೂಳು ಹಾಕುವುದಿಲ್ಲವೇನೋ ಅಂದುಕೊಳ್ಳಬೇಕು. ಓಡಿದರೆ ಮಾತ್ರ ಹೆಸರಿಗೆ ತಕ್ಕ ಹಾಗೆ ಚಿಗರೆಯೇ. ಈ ನಾಯಿ ಬೇರೆ ನಾಯಿಗಳಂತೆ ಮೂಗು ನಂಬುವುದಿಲ್ಲ, ಕಣ್ಣು ನಂಬುತ್ತದೆ. ಹೊಲದ ಆ ತುದಿಯಲ್ಲಿ ಮೊಲದ ಕಿವಿ ಅಲ್ಲಾಡಿದರೆ ಈ ತುದಿಯಿಂದ ಕಂಡುಹಿಡಿಯುತ್ತಿತ್ತು. ಮುತ್ಯಾನ ಲೆಕ್ಕ ಬೇರೆಯೇ ಇತ್ತು.

"ಬ್ಯಾಟಿ ನಾಯಿ ಅಂದ್ರ ಎರಡ ಕಣ್ಣ, ನಾಕ ಕಾಲ. ಉಳದದ್ದೆಲ್ಲಾ ಬರೇ ತೊಗಲ ನೋಡ."

ಮುತ್ಯಾನ ಕಣ್ಣಿಗೆ ಆಗ ಪೊರೆ ಬಂದಿತ್ತು. ಹತ್ತಿರದ್ದು ಮಂಜು ಮಂಜಾಗಿ ಕಾಣುತ್ತಿತ್ತು, ದೂರದ್ದು ಕಾಣುತ್ತಲೇ ಇರಲಿಲ್ಲ. ಆಪರೇಷನ್ ಎಂದರೆ ಕುರಿ ಕಾಯುವ ಆ ಗಟ್ಟಿ ಮನುಷ್ಯ ಹಟ್ಟಿಯೊಳಗೆ ಹೋಗಿ ಕೂತುಬಿಡುತ್ತಿದ್ದ. ಆದರೂ ದಿನಾ ಬೆಳಿಗ್ಗೆ ಅರವತ್ತು ಕುರಿ ಹೊಡೆದುಕೊಂಡು ಹೊರಡುತ್ತಿದ್ದ, ಚಿಗರಿಯನ್ನು ಮುಂದೆ ಬಿಟ್ಟುಕೊಂಡು. ಚಿಗರಿ ನಿಂತರೆ ಇವನೂ ನಿಲ್ಲುತ್ತಿದ್ದ. ಅವಳ ಕತ್ತಿನ ಮೇಲೆ ಕೈಯಿಟ್ಟು, ನರ ಬಿಗಿದಿದೆಯೋ ಸಡಿಲವಿದೆಯೋ ನೋಡಿ, ಬಂದಿದ್ದು ತೋಳವೋ ದಾರಿಹೋಕನೋ ಹೇಳುತ್ತಿದ್ದ. ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅದೇ ಜಗಳ. ಮುತ್ಯಾ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಅದ್ದುತ್ತ ಕಿವಿ ಕೇಳಿಸದವನ ಹಾಗೆ ಕೂತಿರುತ್ತಿದ್ದ; ಅಪ್ಪ ಗಂಟಲು ಏರಿಸುತ್ತಿದ್ದ.

"ಎಪ್ಪಾ, ಸಾಕಿನ್ನ. ಕಣ್ಣ ಕಾಣೂದಿಲ್ಲ, ಎಲ್ಲ್ಯಾರ ಕಾಲವಿಗೆ ಬಿದ್ದೀ. ಕುರಿ ಯಾರಿಗರ ಒಪ್ಪಿಸಿ ಮನ್ಯಾಗ ಆರಾಮ ಕೂಡು."

"ನನಗ ನಾಕ ಕಣ್ಣ ಅದಾವಲೇ. ಎರಡ ನನ್ನವು, ಎರಡ ಚಿಗರೀವು."

"ಆತು. ಚಿಗರಿ ಕಣ್ಣ ಇರೂ ತನಕ ಹೋಗು. ಆಮ್ಯಾಲ ನನ್ನ ಮಾತ ಕೇಳಬೇಕ ಮತ್ತ."

ಮುತ್ಯಾ ಒಪ್ಪಿಕೊಂಡ. ಹೀಗಾಗಿ ನಮ್ಮ ಮನೆಯಲ್ಲಿ ಆ ನಾಯಿಯ ಕಣ್ಣಿಗೆ ಮನುಷ್ಯರ ಕಣ್ಣಿಗಿಂತ ಹೆಚ್ಚು ಮರ್ಯಾದೆ. ಅದನ್ನು ದಿನಾ ತೊಳೆಯುವ ಕೆಲಸ ನನ್ನದು. ಮುತ್ಯಾ ನನ್ನನ್ನು ಎದುರಿಗೆ ಕೂರಿಸಿಕೊಂಡು, ತನ್ನ ಒರಟು ಬೆರಳಿನಿಂದ ನನ್ನದೇ ಕಣ್ಣಿನ ಸುತ್ತ ಒರೆಸಿ ತೋರಿಸಿ ಕಲಿಸಿದ್ದ. "ನನಗ ಕಾಣೂದಿಲ್ಲ ಯವ್ವಾ, ನೀ ನೋಡಿ ನನಗ ಹೇಳಬೇಕ" ಎಂದಿದ್ದ. ಮೊದಲು ತೊಳೆದು ಒರೆಸುವುದು, ಆಮೇಲೆ ಭಂಡಾರ. ನಾನು ಪಡಸಾಲೆಗೆ ಬಂದು "ಛಲೋ ಐತಿ ಮುತ್ಯಾ" ಎಂದು ಕೂಗಿದ ಮೇಲೆಯೇ ಅವನು ಕುರಿ ಹೊಡೆದುಕೊಂಡು ಹೊರಡಲು ಕಂಬಳಿ ಹೆಗಲಿಗೆ ಹಾಕುತ್ತಿದ್ದದ್ದು. ಮನೆಯಲ್ಲಿ ನನ್ನ ಒಂದು ಮಾತಿಗೆ ಅಷ್ಟು ತೂಕ ಇದ್ದದ್ದು ಅದೊಂದೇ ಹೊತ್ತಿನಲ್ಲಿ. ಉಳಿದ ಹೊತ್ತೆಲ್ಲ ನಾನು ಸಗಣಿ ಬಾಚುವ, ನೀರು ತರುವ, ಬೈಸಿಕೊಳ್ಳುವ ಹುಡುಗಿ.

ಆಗ ಬಂದಿತು ಸೈಕಲ್ಲು. ಪಕ್ಕದ ಮನೆಯ ಕಾಕಾ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದವರು, ಒಂದು ಸೈಕಲ್ ತಂದರು. ತಾವು ಕೆಲಸಕ್ಕೆ ಹೊರಡುವ ಮುಂಚೆ, ಸ್ನಾನ ನಾಷ್ಟಾ ಮಾಡುವಷ್ಟು ಹೊತ್ತು, ಅದನ್ನು ಓಣಿಯ ಮಕ್ಕಳಿಗೆ ಬಿಡುತ್ತಿದ್ದರು. ಅಷ್ಟರಲ್ಲೇ ಕಲಿಯಬೇಕು. ಸೀಟಿನ ಮೇಲೆ ಕೂತರೆ ಕಾಲು ನಿಲುಕುವುದಿಲ್ಲ. ಅಡ್ಡ ಕಂಬಿಯ ಕೆಳಗಿಂದ ಒಂದು ಕಾಲು ತೂರಿಸಿ, ಮೈ ಸೊಟ್ಟ ಮಾಡಿಕೊಂಡು ತುಳಿಯಬೇಕು. ನನಗೆ ಅದರ ಹುಚ್ಚು ಹಿಡಿಯಿತು. ಚಿಗರಿಯ ಕಣ್ಣು ತೊಳೆಯುವ ಹೊತ್ತೂ ಅದೇ. ಮೊದಲ ದಿನ ಅರ್ಧಂಬರ್ಧ ಒರೆಸಿ ಓಡಿದೆ. ಎರಡನೆಯ ದಿನ ಬಿಸಿನೀರಿಗೆ ಕಾಯುವ ಪುರಸೊತ್ತೂ ಇರಲಿಲ್ಲ. ನೋಡಿದರೆ ಎಡಗಣ್ಣಿನ ಮೂಲೆಯಲ್ಲಿ ಹಳದಿ ಪಿಸರು. ಕೈಯಲ್ಲಿ ಭಂಡಾರದ ಬಟ್ಟಲು. ನನ್ನ ತಲೆ ಓಡಿತು. ಹಣೆಗೆ ಇಡುವ ಭಂಡಾರವನ್ನು ಚೂರು ಕೆಳಕ್ಕೆ, ಎರಡೂ ಕಣ್ಣಿನ ಮೂಲೆಯ ತನಕ ಎಳೆದೆ. ಹಳದಿಯಲ್ಲಿ ಹಳದಿ ಸೇರಿಹೋಯಿತು. "ಛಲೋ ಐತಿ ಮುತ್ಯಾ" ಎಂದು ಕೂಗಿ ಓಡಿದೆ.

ಹೀಗೆ ಎಂಟು ದಿನ. ದಿನದಿನಕ್ಕೆ ನನ್ನ ಸೈಕಲ್ಲೂ ಸುಧಾರಿಸಿತು, ಭಂಡಾರದ ಪಟ್ಟೆಯೂ ಅಗಲವಾಯಿತು. ಅವ್ವನಿಗೆ ಕಂಡಿತು, ಆದರೆ ಅವಳು ಅದನ್ನು ಆಯಿಯ ಭಕ್ತಿ ಎಂದುಕೊಂಡಳು. ಆಯಿಗೆ ಕಂಡಿತು, ಅವಳು ಅದನ್ನು ನನ್ನ ಭಕ್ತಿ ಎಂದುಕೊಂಡು ನನಗೊಂದು ಬೆಲ್ಲದ ಚೂರು ಕೊಟ್ಟಳು. ನಾನು ತಿಂದೆ. ಚಿಗರಿ ಎಡಗಣ್ಣು ಕಿರಿದು ಮಾಡುವುದನ್ನು, ಮುಂಗಾಲಿನಿಂದ ಮೋರೆ ಉಜ್ಜಿಕೊಳ್ಳುವುದನ್ನು ನಾನು ನೋಡಿದ್ದೆ. ನೋಡಲಿಲ್ಲ ಎಂದು ಹೇಳಲಾರೆ. ನಾಳೆ ತೊಳೆದರಾಯಿತು ಎಂದುಕೊಂಡಿದ್ದೆ, ಅಷ್ಟೇ.

ಒಂಬತ್ತನೆಯ ಬೆಳಿಗ್ಗೆ ಅವ್ವ ಅಂಬಲಿ ಹಾಕಲು ಹೋಗಿ ಅಲ್ಲಿಂದಲೇ ಒದರಿದಳು. ಚಿಗರಿ ಎದ್ದಿರಲಿಲ್ಲ. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಬೆಳಕಿಗೆ ಬೆನ್ನು ಹಾಕಿ, ಗೋಡೆಗೆ ಮೋರೆ ಒತ್ತಿಕೊಂಡು ಮಲಗಿದ್ದಳು. ಆಯಿ ಭಂಡಾರದ ಬಟ್ಟಲು ಹಿಡಿದುಕೊಂಡೇ ಬಂದಳು.

"ದೃಷ್ಟಿ ಆಗೇತಿ. ಭಂಡಾರ ನೀರಾಗ ಕಲಸಿ ಕಣ್ಣಿಗೆ ತುಂಬ ಹಚ್ಚರಿ, ಸಂಜಿ ಅನ್ನೂದರಾಗ ಆರಾಮ ಆಗತೈತಿ."

"ಅತ್ತಿ, ಈಗ ಹಚ್ಚಿದ್ದ ರಗಡ ಆಗೇತ್ರಿ. ಮೊದಲ ಕಣ್ಣ ತೊಳಿಯೂಣ್ರಿ" ಎಂದಳು ಅವ್ವ.

"ಬೀರಪ್ಪನ ಭಂಡಾರ ರಗಡ ಆಗತದೇನ? ಕಣ್ಣ ಕೊಡಾಂವ ಅಂವ, ಕಸಗೋತಾನೇನ?"

ಅತ್ತೆ ಸೊಸೆಯರ ಮಾತು ಏರುತ್ತಿದ್ದ ಹಾಗೆ ಮುತ್ಯಾ ಬಂದು ನೆಲಕ್ಕೆ ಕೂತ. ಚಿಗರಿಯ ಮೋರೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬೆರಳಿನಿಂದ ಕಣ್ಣಿನ ಸುತ್ತ ಮೆಲ್ಲಗೆ ತಡವಿದ. ಆ ಬೆರಳನ್ನು ಮೂಗಿಗೆ ಹಿಡಿದ. ಒಂದು ಸಲ, ಇನ್ನೊಂದು ಸಲ.

"ಇದು ಭಂಡಾರ ಅಲ್ಲ. ಕೀವ" ಎಂದ.

ಆಮೇಲೆ ನನ್ನ ಕಡೆ ಮೋರೆ ತಿರುಗಿಸಿದ. "ನಿನ್ನಿ ಹೆಂಗಿತ್ತ ಯವ್ವಾ ಕಣ್ಣು?"

"ಛಲೋ ಇತ್ತ ಮುತ್ಯಾ" ಎಂದೆ.

ಆ ಮಾತು ಬಾಯಿಂದ ಹೊರಬಿದ್ದದ್ದು ನನಗೇ ಗೊತ್ತಾಗಲಿಲ್ಲ. ಎಂಟು ದಿನದಿಂದ ಅದೇ ಹೇಳಿ ರೂಢಿಯಾಗಿತ್ತು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ಗದರಿಸಲಿಲ್ಲ, ಗೆದ್ದವನ ಹಾಗೆ ಮಾತಾಡಲೂ ಇಲ್ಲ. "ಮೊದಲ ದವಾಖಾನಿಗೆ ಒಯ್ಯಿ ಎಪ್ಪಾ. ಕುರಿ ಮಾತ ಆಮ್ಯಾಲ" ಎಂದಷ್ಟೇ ಅಂದ. ಈ ಕಣ್ಣು ಹೋದರೆ ಮುತ್ಯಾ ನಾಳೆಯಿಂದ ಪಡಸಾಲೆಯಲ್ಲಿ ಕೂರುತ್ತಾನೆ, ಸಾಯುವ ತನಕ ಅಲ್ಲೇ ಕೂರುತ್ತಾನೆ ಎಂಬುದು ನನಗೆ ಆಗ ಹೊಳೆಯಿತು. ಅವನನ್ನು ಅಲ್ಲಿ ಕೂರಿಸಿದವಳು ನಾನು.

ಮುಧೋಳಕ್ಕೆ ಹೊರಟಿದ್ದ ಟ್ರ್ಯಾಕ್ಟರ್ ಒಂದರ ಟ್ರೇಲರಿನಲ್ಲಿ ಕೂತೆವು. ಅವ್ವ ಕುದಿಸಿ ಆರಿಸಿದ ನೀರನ್ನು ಬಾಟಲಿಗೆ ತುಂಬಿ, ತನ್ನ ಬನಹಟ್ಟಿ ತವರಿನ ಹಳೆ ನೂಲಿನ ಸೀರೆ ಹರಿದು ಕೊಟ್ಟಿದ್ದಳು. ದಾರಿಯ ಧೂಳು ತಾಗದಂತೆ ಮುತ್ಯಾ ಚಿಗರಿಯ ತಲೆಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡಿದ್ದ. ಅಷ್ಟು ಓಡುವ ನಾಯಿ ಮಗುವಿನ ಹಾಗೆ ಅವನ ತೊಡೆಯ ಮೇಲೆ ಬಿದ್ದುಕೊಂಡಿತ್ತು. ನಾನು ಬಟ್ಟೆ ನೆನೆಸಿ ಕೊಡುತ್ತಿದ್ದೆ. ಅವನು ಒರೆಸಲಿಲ್ಲ. "ನೀನ ಒರಸು, ನಿನ್ನ ಕೈ ಅಕೀಗೆ ರೂಢಿ" ಎಂದ. ನಾನು ಒರೆಸಿದೆ. ಭಂಡಾರ ಬಿಟ್ಟುಬಂದ ಹಾಗೆಲ್ಲ ಕೆಳಗಿನ ಕೆಂಪು ಕಾಣತೊಡಗಿತು. ಚಿಗರಿ ನೋವಾದರೂ ನನ್ನ ಕೈ ನೆಕ್ಕಿದಳು. ಅದಕ್ಕಿಂತ ಕಚ್ಚಿದ್ದರೆ ಚೆನ್ನಾಗಿರುತ್ತಿತ್ತು.

ದನದ ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು, ಸಣ್ಣಗೆ, ಸಾವಧಾನವಾಗಿ ಮಾತಾಡುವವರು. ಚಿಗರಿಯನ್ನು ಮೇಜಿನ ಮೇಲೆ ನಿಲ್ಲಿಸಿ ಒಂದು ಸಲ ನೋಡಿ ಕೇಳಿದರು.

"ಎಷ್ಟು ದಿನದಿಂದ ಹೀಗಿದೆ ಯಜಮಾನ್ರೇ?"

"ಇವತ್ತ ಮುಂಜಾನೆ ಕಂಡೀವ್ರಿ. ನಿನ್ನಿ ತನಕಾ ಛಲೋ ಇತ್ರಿ. ನಮ್ಮ ಹುಡಗಿ ದಿನಾ ತೊಳೀತಾಳ್ರಿ, ಅಕಿ ಹೇಳ್ಯಾಳ್ರಿ."

"ಒಂದೇ ದಿನದ್ದಾದ್ರೆ ಹೆದರಬೇಡಿ. ಧೂಳು ಬಿದ್ದಿರಬೇಕು. ಮುಲಾಮು ಬರ್ದು ಕೊಡ್ತೀನಿ, ಮೂರು ದಿನ ಹಾಕಿ."

ಅವರು ಚೀಟಿಯ ಮೇಲೆ ಪೆನ್ನು ಇಟ್ಟರು. ನನಗೆ ಜೀವ ಬಂದಂತಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಮೂರು ದಿನ ಮುಲಾಮು ಹಾಕಿದರೆ ಮುಗಿಯಿತು. ಮುತ್ಯಾನೂ ನಿಟ್ಟುಸಿರುಬಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟ. ನನ್ನ ಮಾತು ನಂಬಿ ಆ ಮನುಷ್ಯ ಡಾಕ್ಟರ ಮುಂದೆ ಸಾಕ್ಷಿ ಹೇಳಿದ್ದ. ಒಂದೇ ದಿನದ್ದಾದರೆ ಎಂದಿದ್ದರು ಡಾಕ್ಟರು. ಒಂದು ದಿನದ್ದಲ್ಲ ಎಂದರೆ ಏನಾಗುತ್ತದೆ? ಅದು ಅವರಿಗೆ ಗೊತ್ತಿರಬೇಕಲ್ಲ?

"ಎಂಟ ದಿನಾ ಆತ್ರಿ" ಎಂದೆ.

ಪೆನ್ನು ನಿಂತಿತು. ನಾನು ನೆಲ ನೋಡುತ್ತ ಎಲ್ಲ ಹೇಳಿದೆ. ಸೈಕಲ್ಲು, ಪಿಸರು, ಅದರ ಮೇಲೆ ಎಳೆದ ಭಂಡಾರ, ಬೆಲ್ಲದ ಚೂರನ್ನೂ ಬಿಡಲಿಲ್ಲ. ಮುತ್ಯಾನ ಕೈ ನನ್ನ ತಲೆಯ ಮೇಲಿಂದ ಸರಿಯಿತು. ಅದು ಸರಿದದ್ದು ಮಾತ್ರ ನನಗೆ ಗೊತ್ತಾಯಿತು, ಅವನ ಮೋರೆ ನೋಡುವ ಧೈರ್ಯ ಇರಲಿಲ್ಲ. ಡಾಕ್ಟರು ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟರು.

"ಎಂಟು ದಿನ ಒಂದೇ ಕಣ್ಣು ಅಂದ್ರೆ ಧೂಳಲ್ಲ. ಒಳಗೆ ಏನೋ ಕೂತಿದೆ. ಗಟ್ಟಿಯಾಗಿ ಹಿಡ್ಕೊಳ್ಳಿ."

ನೋವು ತಿಳಿಯದಿರುವ ಔಷಧದ ಹನಿ ಹಾಕಿದರು. ನಾಯಿಗೆ ಮೂಗಿನ ಕಡೆಯ ಮೂಲೆಯಲ್ಲಿ ಮೂರನೆಯ ರೆಪ್ಪೆಯೊಂದು ಇರುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಅವತ್ತು. ಅದನ್ನು ಸಣ್ಣ ಚಿಮಟಿಗೆಯಿಂದ ಎತ್ತಿ, ಬ್ಯಾಟರಿಯ ಬೆಳಕು ಬಿಟ್ಟು, ಡಾಕ್ಟರು ಉಸಿರು ಹಿಡಿದು ಬಗ್ಗಿದರು. ನಾನು ಚಿಗರಿಯ ಮುಂಗಾಲು ಹಿಡಿದಿದ್ದೆ, ಮುತ್ಯಾ ಕುತ್ತಿಗೆ. ಅವರು ಎಳೆದು ತೆಗೆದದ್ದು ಗೋಧಿ ತೆನೆಯ ಒಂದು ಮೀಸೆ. ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದ, ಒಂದು ಬದಿಗೆ ಗರಗಸದಂಥ ಮುಳ್ಳು. ಕೊಯ್ಲಿನ ಹೊಲದಲ್ಲಿ ಓಡುವಾಗ ಹೊಕ್ಕಿರಬೇಕು. ಆಮೇಲೆ ಒಂದು ಬಣ್ಣದ ಕಾಗದದ ಚೂರನ್ನು ಕಣ್ಣಿಗೆ ತಾಗಿಸಿ ತೊಳೆದರು. ಕರಿಗುಡ್ಡೆಯ ಬದಿಗೆ ಹಸಿರು ಗೀರೊಂದು ಹೊಳೆಯಿತು. ಗಾಯ ಇದ್ದಲ್ಲಿ ಮಾತ್ರ ಆ ಬಣ್ಣ ನಿಲ್ಲುತ್ತದಂತೆ.

"ಗೀರು ಆಳಕ್ಕೆ ಹೋಗಿಲ್ಲ. ಇನ್ನೆರಡು ದಿನ ಹೋಗಿದ್ರೆ ಈ ಕಣ್ಣು ನಮ್ಮ ಕೈಲಿರ್ತಿರಲಿಲ್ಲ" ಎಂದರು ಡಾಕ್ಟರು. "ಇವಳು ಬಾಯಿ ಬಿಡದೇ ಇದ್ದಿದ್ರೆ ನಾನು ಮುಲಾಮು ಕೊಟ್ಟು ಕಳಿಸಿಬಿಡ್ತಿದ್ದೆ, ಯಜಮಾನ್ರೇ."

ಮುತ್ಯಾ ಕೇಳಿದ್ದು ಒಂದೇ ಪ್ರಶ್ನೆ. "ಕಾಣಸತೈತೇನ್ರಿ?"

"ಈಗಲೇ ಹೇಳೋಕಾಗಲ್ಲ. ಊತ ಇಳೀಲಿ. ಎಂಟು ದಿನ ಬಿಟ್ಟು ಒಳ್ಳೇ ಕಣ್ಣು ಮುಚ್ಚಿ ನೋಡಿ, ನಿಮಗೇ ಗೊತ್ತಾಗುತ್ತೆ. ಆಮೇಲೆ ಕರ್ಕೊಂಡು ಬನ್ನಿ."

ಮುಲಾಮು ದಿನಕ್ಕೆ ಮೂರು ಹೊತ್ತು. ಕುದಿಸಿ ಆರಿಸಿದ ನೀರು ಬಿಟ್ಟರೆ ಇನ್ನೇನೂ ಕಣ್ಣಿನ ಹತ್ತಿರ ಹೋಗಕೂಡದು: ಹಾಲಿಲ್ಲ, ಎಣ್ಣೆಯಿಲ್ಲ, ಮನುಷ್ಯರ ಕಣ್ಣಿನ ಔಷಧವೂ ಇಲ್ಲ, ಭಂಡಾರವಂತೂ ಇಲ್ಲವೇ ಇಲ್ಲ. ಕಾಲಿನಿಂದ ಕೆರೆದುಕೊಳ್ಳಲು ಬಿಡಬಾರದು. ಹೊಲದಿಂದ ಬಂದ ದಿನವೆಲ್ಲ ಎರಡೂ ರೆಪ್ಪೆ ಬಿಡಿಸಿ ನೋಡಬೇಕು. ನೀರು ಸುರಿದರೆ, ಕಣ್ಣು ಕಿರಿದಾದರೆ, ಕೆಂಪಾದರೆ ಕಾಯದೆ ಬರಬೇಕು. ಡಾಕ್ಟರು ಇದನ್ನೆಲ್ಲ ಮುತ್ಯಾನಿಗೆ ಹೇಳಲಿಲ್ಲ. ಬಗ್ಗಿ, ನನ್ನ ಕಣ್ಣಿಗೆ ಕಣ್ಣಿಟ್ಟು ನನಗೆ ಹೇಳಿದರು. ಬೈಗುಳಕ್ಕೆ ಸಿದ್ಧಳಾಗಿದ್ದ ನನಗೆ ಇದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ.

ವಾಪಸು ಬರುವಾಗ ಅರ್ಧ ದಾರಿಯ ತನಕ ಮುತ್ಯಾ ಚಿಗರಿಯ ತಲೆಗೆ ಕಂಬಳಿ ಹಿಡಿದೇ ಕೂತಿದ್ದ. ಕಬ್ಬಿನ ಗಾಡಿಗಳು ಎದುರು ಬರುತ್ತಿದ್ದವು, ಟ್ರೇಲರು ಕುಣಿಯುತ್ತಿತ್ತು. ಚಿಗರಿ ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಇದ್ದಕ್ಕಿದ್ದ ಹಾಗೆ ಅವನು ಕೇಳಿದ.

"ಮತ್ತ ಸೈಕಲ್ ಹೊಡಿಯಾಕ ಬಂತೋ ಇಲ್ಲೋ?"

"ಬಂತ ಮುತ್ಯಾ."

"ಬೀಳದಾಂಗ?"

"ಹೂಂ."

"ಆತ ಬಿಡು. ಕಣ್ಣೂ ಕೆಡಿಸಿ, ಸೈಕಲ್ಲೂ ಬರಲಿಲ್ಲಂದ್ರ ಏನ ಮಾಡೂದಿತ್ತ?"

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವನು ಸುಮ್ಮನಿರಿಸಲಿಲ್ಲ. ಅತ್ತು ಮುಗಿದ ಮೇಲೆ, ಚಿಗರಿಗೆಂದು ಉಳಿದಿದ್ದ ಬಟ್ಟೆಯ ತುಂಡನ್ನು ಬಾಟಲಿ ನೀರಿನಲ್ಲಿ ನೆನೆಸಿ, ನನ್ನ ಕಣ್ಣು ಒರೆಸಿದ. ಮೂಗಿನ ಕಡೆಯಿಂದ ಹೊರಗಡೆಗೆ. ಆಮೇಲೆ ಇನ್ನೊಂದು ಮಾತು ಹೇಳಿದ, ಅದನ್ನೂ ಬರೆಯಬೇಕು. "ನೀ ತೊಳೀಲಿಲ್ಲ ಅಂತ ನನಗ ಸಿಟ್ಟಿಲ್ಲ. ಹುಡಗರು ಮರೀತಾವ. ಛಲೋ ಐತಿ ಅಂದೆಲ್ಲಾ, ಅದು ಹತ್ತಿತ ನೋಡ ಇಲ್ಲೆ" ಎಂದು ಎದೆ ಮುಟ್ಟಿಕೊಂಡ. "ಮತ್ತ ನಾಳಿಂದ ಯಾರ ತೊಳೀತಾರ?" ಎಂದು ಕೇಳಿದೆ. ಅವನಿಗೆ ಆಶ್ಚರ್ಯವಾಯಿತು. "ಯಾರಂದ್ರ? ನೀನ" ಎಂದ.

ಮನೆಯಲ್ಲಿ ಸುದ್ದಿ ಕೇಳಿದ ಅವ್ವ ನನಗೆ ಬೆನ್ನ ಮೇಲೆ ಒಂದು ಕೊಟ್ಟಳು. ಕೊಟ್ಟವಳೇ ಹಿತ್ತಲಿನಿಂದ ಹಳೆಯ ಬಿದಿರಿನ ಪುಟ್ಟಿ ತಂದು, ಅದರ ತಳ ಕೊಯ್ದು, ಅಂಚಿಗೆಲ್ಲ ಬಟ್ಟೆ ಸುತ್ತಿ ಚಿಗರಿಯ ಕುತ್ತಿಗೆಗೆ ತೊಡಿಸಿದಳು, ಕೆರೆದುಕೊಳ್ಳದಿರಲಿ ಎಂದು. ಪುಟ್ಟಿಯೊಳಗಿಂದ ಉದ್ದ ಮೂಗು ಮಾತ್ರ ಹೊರಗೆ ಚಾಚಿಕೊಂಡು ಅವಳು ಎತ್ತುಗಳಿಗೆ ಡಿಕ್ಕಿ ಹೊಡೆಯುತ್ತ ಓಡಾಡುವುದನ್ನು ನೋಡಿ ಅಪ್ಪ ಕೂಡ ನಕ್ಕ. ನಗದವಳು ಆಯಿ ಒಬ್ಬಳೇ. ಭಂಡಾರ ಬೇಡವೆಂದು ಡಾಕ್ಟರು ಹೇಳಿದ್ದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಮನೆಯ ಒಂದು ಜೀವದ ಹಣೆ ಬೋಳಾಗಿ ಇರುವುದೆಂದರೇನು? ಮೂರನೆಯ ದಿನ ತಲೆಗೆ ಎರೆದುಕೊಂಡು, ಬೀರಪ್ಪನ ತಲೆಯ ಮೇಲೆ ಒಂದು ಹೂವಿಟ್ಟು, ಸೆರಗು ಒಡ್ಡಿ ಪ್ರಸಾದ ಕೇಳಲು ಕೂತಳು. ಬಲಕ್ಕೆ ಬಿದ್ದರೆ ದೇವರು ಒಪ್ಪಿದ, ಎಡಕ್ಕೆ ಬಿದ್ದರೆ ಇಲ್ಲ.

"ನಾಯಿ ಹಣಿಗೆ ಬ್ಯಾಡಂತಪಾ, ಕಣ್ಣಿಗೆ ಬೀಳತೈತಿ ಅಂತಾರ. ಬೆನ್ನಿಗೆ ಹಚ್ಚಲೇನ? ಬಲಕ್ಕ ಕೊಡು ನನ್ನಪ್ಪ."

ಹೂವು ಅಲ್ಲಾಡಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದರೂ ಆಯಿ ಏಳಲಿಲ್ಲ. ಅವ್ವ ಎದ್ದು, ಹೊಗೆ ಹೋಗಲಿ ಎಂದು ಗೊಣಗುತ್ತ, ಜಗಲಿಯ ಎಡಕ್ಕಿದ್ದ ಹಿತ್ತಲ ಬಾಗಿಲನ್ನು ಪೂರಾ ತೆರೆದಳು. ಒಂದು ಗಾಳಿ ಬೀಸಿತು. ಹೂವು ಬಲಕ್ಕೆ ಬಿತ್ತು. ಆಯಿ ಅಲ್ಲೇ ಹಣೆ ನೆಲಕ್ಕೆ ಹಚ್ಚಿದಳು. ಎದ್ದಾಗ ಅವಳ ಮೋರೆ ತಿಳಿಯಾಗಿತ್ತು. ಆವತ್ತಿನಿಂದ ಚಿಗರಿಗೆ ಭಂಡಾರ ಬೆನ್ನಿನ ಮೇಲೆ, ಬಾಲದ ಬುಡದ ಹತ್ತಿರ. ಅವ್ವ ಬೇಕೆಂದೇ ಬಾಗಿಲು ತೆರೆದಳೆಂದು ನಾನು ಇವತ್ತಿಗೂ ನಂಬಿದ್ದೇನೆ. ಕೇಳಿದಾಗಲೆಲ್ಲ ಅವಳು "ಹೋಗಬೇ, ಹೊಗಿ ಆಗಿತ್ತು" ಎಂದೇ ಹೇಳುತ್ತಿದ್ದಳು.

ಆ ಎಂಟು ದಿನ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ನೀರು ಕುದಿಸಿದೆ, ಆರಿಸಿದೆ, ಕೈ ತೊಳೆದುಕೊಂಡು ಒರೆಸಿದೆ, ರೆಪ್ಪೆ ಎಳೆದು ಮುಲಾಮು ಹಾಕಿದೆ. ಬಳಸಿದ ತುಂಡುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆ. ಪಕ್ಕದ ಕಾಕಾ "ಸೈಕಲ್ ಬ್ಯಾಡೇನ ಲಕ್ಕವ್ವ?" ಎಂದು ಕೂಗಿದರೆ ಕೇಳಿಸದ ಹಾಗಿದ್ದೆ. ದಿನಾ ಮುತ್ಯಾನಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಊತ ಐತಿ, ಊತ ಕಡಿಮಿ ಆಗೇತಿ, ಇವತ್ತ ಅರ್ಧ ತೆರದಾಳ, ಇವತ್ತ ಪೂರಾ ತೆರದಾಳ ಆದರ ಗುಡ್ಡಿ ಮ್ಯಾಲ ಮಸುಕ ಐತಿ. ಅವನು ಅಷ್ಟು ದಿನವೂ ಪಡಸಾಲೆಯಲ್ಲಿ ಕೂತಿದ್ದ. ಕುರಿಗಳನ್ನು ಅಪ್ಪ ಹೊಡೆದುಕೊಂಡು ಹೋಗುತ್ತಿದ್ದ. ಅವು ಬಾಗಿಲು ದಾಟುವಾಗ ಮುತ್ಯಾ ಕಾಲಸಪ್ಪಳದಲ್ಲೇ ಎಣಿಸುತ್ತಿದ್ದ, ಕೈಯಲ್ಲಿ ಕೋಲು ಹಿಡಿದುಕೊಂಡೇ.

ಎಂಟನೆಯ ದಿನ ಬಿಸಿಲೇರುವ ಮುಂಚೆ ಮೂವರೂ ಕೊಯ್ಲಾದ ಹೊಲಕ್ಕೆ ಹೋದೆವು. ಪುಟ್ಟಿ ಕಳಚಿದ ಚಿಗರಿ, ಮುತ್ಯಾ, ನಾನು. ಮುತ್ಯಾ ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಗಿದೆ ನೋಡಿದ. ನನ್ನ ವಾಸನೆ ಚಿಗರಿಗೆ ಹೋಗದ ದಿಕ್ಕಿಗೆ ನನ್ನನ್ನು ಕಳಿಸಿದ. ಕೂಗಬಾರದು, ಕೆಮ್ಮಬಾರದು, ಆ ತುದಿಯ ಒಡ್ಡಿನ ಮೇಲೆ ನಿಂತು ಕೈ ಎತ್ತಬೇಕು, ಅಷ್ಟೇ. ನಾನು ಹೋಗುವ ತನಕ ತನ್ನ ಕಂಬಳಿಯಿಂದ ಅವಳ ಮೋರೆ ಪೂರಾ ಮುಚ್ಚಿದ್ದ. ಒಡ್ಡಿನ ಮೇಲೆ ನಿಂತು ತಿರುಗಿ ನೋಡಿದರೆ ಇಬ್ಬರೂ ಚಿಕ್ಕದಾಗಿ ಕಾಣುತ್ತಿದ್ದರು. ಅಷ್ಟು ದೂರ ಮುತ್ಯಾನಿಗೆ ನಾನು ಇದ್ದರೂ ಒಂದೇ, ಇರದಿದ್ದರೂ ಒಂದೇ. ಅವನು ಕಂಬಳಿ ತೆಗೆದ. ಬಲಗಣ್ಣಿಗೆ ಅಂಗೈ ಒತ್ತಿ ಹಿಡಿದ. ನಾನು ಕೈ ಎತ್ತಿದೆ.

ಚಿಗರಿ ಆ ಕಡೆ ಈ ಕಡೆ ಮೋರೆ ಆಡಿಸಿದಳು. ಅವಳ ನೋಟ ನನ್ನ ಮೇಲಿಂದ ಹಾದು ಹೋಯಿತು. ಎತ್ತಿದ ಕೈ ನೋಯತೊಡಗಿತು, ಇಳಿಸಲಿಲ್ಲ. ಮತ್ತೊಮ್ಮೆ ಆಚೆಯಿಂದ ತಿರುಗಿದ ಆ ಮೋರೆ ನನ್ನ ನೇರಕ್ಕೆ ಬಂದು ನಿಂತಿತು. ಎರಡೂ ಕಿವಿ ಎದ್ದವು. ಮುತ್ಯಾನ ಇನ್ನೊಂದು ಕೈ ಅವಳ ಕತ್ತಿನ ಮೇಲಿತ್ತು. ನರ ಬಿಗಿದದ್ದು ಅವನಿಗೆ ತಿಳಿದಿರಬೇಕು. ಕಣ್ಣು ಮುಚ್ಚಿದ ಕೈ ತೆಗೆಯದೆಯೇ ಕತ್ತು ಬಿಟ್ಟ. ಅವಳೇ ಅವನ ಅಂಗೈಯಿಂದ ಹಾರಿ ಬಂದಳು. ಆ ನಾಯಿ ಓಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ನನ್ನ ಕಡೆಗೆ ಓಡಿ ಬಂದದ್ದನ್ನು ನೋಡಿದ್ದು ಅವತ್ತೇ. ಕೂಳೆ, ಹೆಂಟೆ, ಬದು, ಯಾವುದಕ್ಕೂ ಎಡವದೆ ಗೆರೆ ಎಳೆದ ಹಾಗೆ ಬಂದು, ಎದೆಗೆ ಹಾಯ್ದು, ನನ್ನನ್ನು ಒಡ್ಡಿನಿಂದ ಕೆಳಕ್ಕೆ ಕೆಡವಿದಳು. ಮೋರೆಯೆಲ್ಲ ನೆಕ್ಕಿದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಕೂಗಲು ಉಸಿರಿರಲಿಲ್ಲ.

ಹೊಲದ ಆ ತುದಿಯಿಂದ ಮುತ್ಯಾನ ದನಿ ಬಂತು. "ಏನಾತಬೇ? ಬಂದ್ಲೇನ? ನನಗೇನೂ ಕಾಣವಲ್ದು!"

ಎದ್ದು ಕೂತು, ಚಿಗರಿಯ ಮೋರೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಡಗಣ್ಣಿನ ಕೆಳರೆಪ್ಪೆಯನ್ನು ಎಳೆದು ಸರಿಯಾಗಿ ನೋಡಿದೆ. ಆಮೇಲೆ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದೆ.

"ಬಂದಾಳ ಮುತ್ಯಾ! ಛಲೋ ಐತಿ!"

ಅವನು ಮರುಮಾತು ಕೇಳಲಿಲ್ಲ. ಇನ್ನೊಮ್ಮೆ ಹೇಳು ಎನ್ನಲಿಲ್ಲ. ಅಲ್ಲಿಂದಲೇ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.